ಸೆಡ್ಜ್‌ವಿಕ್ ವಕೀಲರ ಮೇಲೆ ಮನೆ ಗುಂಪಿನಲ್ಲಿ ಜಗಳ

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆದ ಸಂದೇಶ) ಹದಿನೆಂಟನೇ ಶತಮಾನದ ಅಮೆರಿಕದಲ್ಲಿ ಗುಲಾಮರನ್ನು ಬಿಡಿಸಿದ ಮಹಾನ್ ವಕೀಲ ಥಿಯೋಡೋರ್ ಸೆಡ್ಜ್‌ವಿಕ್! ವಕೀಲ, ಶಾಸಕ, ಸ್ಪೀಕರ್, ಕೊನೆಗೆ ನ್ಯಾಯಮೂರ್ತಿ. ಇಂಥವರು ಈಗ ಎಲ್ಲಿದ್ದಾರೆ?

ದೊಡ್ಡಪ್ಪ: ಮಕ್ಕಳೆಲ್ಲ ಓದಿ. ಸುಮ್ನೆ ಥಂಬ್ಸ್ ಅಪ್ ಹಾಕಬೇಡಿ.

ಅತ್ತೆ: ಅಣ್ಣ, ಇಷ್ಟುದ್ದದ ಸಂದೇಶದಲ್ಲಿ ಬೆಟ್ ಹೆಸರು ಒಂದು ಕಡೆಯೂ ಇಲ್ಲವಲ್ಲ?

ತಮ್ಮ: ಬೆಟ್ ಯಾರು ಅತ್ತೆ?

ಅತ್ತೆ: ಮ್ಯಾಸಚೂಸೆಟ್ಸ್‌ನ ಶೆಫೀಲ್ಡ್‌ನಲ್ಲಿ ಕರ್ನಲ್ ಜಾನ್ ಆಶ್ಲಿ ಅಂತ ದೊಡ್ಡ ಜಮೀನುದಾರನಿದ್ದ. ಅವನ ಮನೆಯ ಗುಲಾಮಳು. ಯಜಮಾನಿ ಕಾದ ಸಲಿಕೆ ಎತ್ತಿ ಇನ್ನೊಬ್ಬಳಿಗೆ ಹೊಡೆಯಲು ಬಂದಾಗ ಇವಳು ಕೈ ಅಡ್ಡ ಕೊಟ್ಟಳು. ಆ ಗಾಯವನ್ನು ಬಟ್ಟೆಯಲ್ಲಿ ಮುಚ್ಚದೆ ಬಂದವರಿಗೆಲ್ಲ ಕಾಣುವ ಹಾಗೆ ಇಟ್ಟುಕೊಂಡಿದ್ದಳಂತೆ. 1780ರಲ್ಲಿ ರಾಜ್ಯದ ಸಂವಿಧಾನ ಬಂತು. ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂದು ಅದರಲ್ಲಿತ್ತು. ಓದು ಬರದ ಬೆಟ್ ಅದನ್ನು ಕಿವಿಯಲ್ಲಿ ಕೇಳಿ ಸೆಡ್ಜ್‌ವಿಕ್ ಹತ್ತಿರ ಹೋದಳು. ನನಗೂ ಆ ಕಾನೂನು ಇಲ್ಲವೇ ಎಂದು ಕೇಳಿದಳು.

ದೊಡ್ಡಪ್ಪ: ಕೇಳಿದಳು, ಸರಿ. ಅದನ್ನು ದಾವೆ ಮಾಡಿ ಗೆಲ್ಲಿಸಿದ್ದು ಯಾರಮ್ಮ? ಆಶ್ಲಿ ಸಾಮಾನ್ಯ ಕುಳವಲ್ಲ, ತಾನೇ ಆ ಜಿಲ್ಲೆಯ ಜಡ್ಜ್ ಆಗಿದ್ದವನು. ಸೆಡ್ಜ್‌ವಿಕ್‌ಗೆ ಹಳೇ ಪರಿಚಯ. 1773ರಲ್ಲಿ ಬ್ರಿಟಿಷರ ವಿರುದ್ಧ ಶೆಫೀಲ್ಡ್ ಠರಾವು ಬರೆದದ್ದೇ ಆಶ್ಲಿಯ ಮನೆಯಲ್ಲಿ ಕೂತು. ಅಂಥವನ ಮೇಲೆ ಕೇಸು ಹಾಕುವುದಕ್ಕೆ ಗುಂಡಿಗೆ ಬೇಕು.

ದೊಡ್ಡಪ್ಪ: ಚಾಣಾಕ್ಷತನ ನೋಡಿ. ಯಾರೋ ತಪ್ಪಾಗಿ ಇಟ್ಟುಕೊಂಡ ಸ್ವತ್ತನ್ನು ಬಿಡಿಸಿಕೊಳ್ಳಲು ಹಾಕುವ ದಾವೆ ಇರುತ್ತದಲ್ಲ, ಅದನ್ನೇ ಹಾಕಿದರು. ಬೆಟ್ ಜೊತೆ ಅದೇ ಮನೆಯ ಗುಲಾಮ ಬ್ರೋಮ್ ಅನ್ನುವವನನ್ನೂ ಸೇರಿಸಿದರು. ಇವರು ನಿನ್ನ ಸ್ವತ್ತಲ್ಲ, ಬಿಡು ಎಂದು ಆದೇಶ ಹೋಯಿತು. ಆಶ್ಲಿ ಬಿಡಲಿಲ್ಲ. 1781ರ ಆಗಸ್ಟ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್ ಕೋರ್ಟಿನಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನ, ಇಬ್ಬರನ್ನೂ ಬಿಡುಗಡೆ ಮಾಡಿತು. ಮೇಲೆ 30 ಷಿಲಿಂಗ್ ಪರಿಹಾರ. ಕೋರ್ಟಿನಲ್ಲೇ ಕೂದಲು ನರೆಸಿಕೊಂಡವನು ಹೇಳುತ್ತಿದ್ದೇನೆ, ಇದು ವಕೀಲಿಕೆ!

ಬಾಸ್ಟನ್ ಅಕ್ಕ: ದೊಡ್ಡಪ್ಪ, ಕೇಸು ಗೆದ್ದದ್ದರಲ್ಲಿ ಎರಡು ಮಾತಿಲ್ಲ. ಜೊತೆಯಲ್ಲಿ ವಾದಿಸಿದ ಟ್ಯಾಪಿಂಗ್ ರೀವ್ ಹೆಸರನ್ನೂ ಸೇರಿಸಿಬಿಡಿ. ಆದರೆ ಅದೇ ಸೆಡ್ಜ್‌ವಿಕ್ 1791ರಲ್ಲಿ ಕಾಂಗ್ರೆಸ್ಸಿನಲ್ಲಿ, ಅಂದರೆ ಅಮೆರಿಕದ ಸಂಸತ್ತಿನಲ್ಲಿ, ಏನು ಮಾಡಿದರು? ಓಡಿಹೋದ ಗುಲಾಮರನ್ನು ಹಿಡಿದು ಒಪ್ಪಿಸುವ ಮಸೂದೆ ಬರೆಯಲು ಮೂರು ಜನರ ಸಮಿತಿ ಆಯಿತು. ಅದರಲ್ಲಿ ಇವರೂ ಒಬ್ಬರು.

ದೊಡ್ಡಪ್ಪ: ಆ ಮಸೂದೆ ಬಿದ್ದುಹೋಯಿತು ಮಗಳೇ.

ಬಾಸ್ಟನ್ ಅಕ್ಕ: ಬಿತ್ತು. ಆಮೇಲೆ ಮೇಲ್ಮನೆ ಸೆನೆಟ್ ಕಡೆಯಿಂದ ಇನ್ನೊಂದು ಬಂದು 1793ರಲ್ಲಿ ಕಾನೂನೇ ಆಯಿತು. ಯಜಮಾನ ಬಂದು ಜಡ್ಜ್ ಮುಂದೆ ಇವನು ನನ್ನವನು ಎಂದು ತೋರಿಸಿದರೆ ಮುಗಿಯಿತು, ಜ್ಯೂರಿ ಇಲ್ಲ. ಬೆಟ್ ಬಿಡುಗಡೆಯಾದದ್ದು ಜ್ಯೂರಿಯಿಂದ ಅಲ್ವಾ?

ದೊಡ್ಡಪ್ಪ: ಓಡಿಬಂದವರನ್ನು ಒಪ್ಪಿಸಬೇಕು ಎಂದು ದೇಶದ ಸಂವಿಧಾನದಲ್ಲೇ ಬರೆದಿತ್ತು. ಸಮಿತಿಗೆ ಹಾಕಿದರೆ ಕೆಲಸ ಮಾಡಲೇಬೇಕು. ಶಾಸಕನಾದವನು ತನಗೆ ಬೇಕಾದ ವಿಧಿಯನ್ನಷ್ಟೇ ಓದಲು ಆಗುತ್ತದೆಯೇ?

ಅತ್ತೆ: ವಕೀಲನಾಗಿದ್ದಾಗ ಬೇಕಾದ ವಿಧಿಯನ್ನೇ ಆರಿಸಿ ಓದಿದರಲ್ಲ, ಅದಕ್ಕೇ ಬೆಟ್ ಗೆದ್ದದ್ದು 😀

ತಮ್ಮ: 😂😂

ದೊಡ್ಡಪ್ಪ: ನಗಬೇಡ. ಬೆಟ್ ಆಮೇಲೆ ಎಲ್ಲಿದ್ದಳು ಕೇಳು ನಿನ್ನ ಅತ್ತೆಯನ್ನು. ಆಶ್ಲಿ ಬಾ ಎಂದರೂ ಹೋಗದೆ ಸೆಡ್ಜ್‌ವಿಕ್ ಮನೆಯಲ್ಲೇ ಇದ್ದಳು. ಎಲಿಜಬೆತ್ ಫ್ರೀಮನ್ ಎಂದು ಹೆಸರಿಟ್ಟುಕೊಂಡಳು.

ಅತ್ತೆ: ಸಂಬಳಕ್ಕೆ ಇದ್ದಳು ಅಣ್ಣ. ಮನೆ ಕಾದವಳೂ ಅವಳೇ. 1787ರಲ್ಲಿ ಸಾಲ, ತೆರಿಗೆ ತಾಳದೆ ಡೇನಿಯಲ್ ಷೇಸ್ ಎಂಬ ನಾಯಕನ ಜೊತೆ ದಂಗೆ ಎದ್ದ ರೈತರು ಸ್ಟಾಕ್‌ಬ್ರಿಜ್‌ನ ಸೆಡ್ಜ್‌ವಿಕ್ ಮನೆಗೆ ನುಗ್ಗಿದರು. ಸಾಹೇಬರು ಊರಲ್ಲಿರಲಿಲ್ಲ. ಬೆಳ್ಳಿ ಸಾಮಾನನ್ನೆಲ್ಲ ತನ್ನ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಅವರನ್ನು ಬಾಯಿಗೆ ಬಂದಂತೆ ಬೈದು ಕಳಿಸಿದಳು. ಆ ರೈತರು ಬಂದದ್ದೇಕೆ? ನಿಮ್ಮ ವಕೀಲರು ಸಾಲ ಕೊಟ್ಟವರ ಕಡೆ, ಆಸ್ತಿವಂತರ ಕಡೆ ಇದ್ದವರು. ನಿಮ್ಮ ಫಾರ್ವರ್ಡ್‌ನಲ್ಲಿ ಅದೂ ಇಲ್ಲ.

ತಮ್ಮ: ಸ್ಪೀಕರ್ ಆಗಿದ್ದು ಯಾವಾಗ?

ಬಾಸ್ಟನ್ ಅಕ್ಕ: 1799ರಿಂದ 1801. ಜೆಫರ್‌ಸನ್‌, ಬರ್ ಇಬ್ಬರಿಗೂ ಅಧ್ಯಕ್ಷ ಚುನಾವಣೆಯಲ್ಲಿ ಸಮ ಮತ ಬಂದು ಕಾಂಗ್ರೆಸ್ಸಿನ ಕೆಳಮನೆಯಲ್ಲಿ 36 ಸುತ್ತು ಮತದಾನ ಆಯಿತಲ್ಲ, ಆಗ ಸ್ಪೀಕರ್ ಇವರೇ. ಎದುರು ಬಣವಾದ ಫೆಡರಲಿಸ್ಟ್ ಪಕ್ಷದವರು, ಜೆಫರ್‌ಸನ್ ಕಂಡರೆ ಆಗುತ್ತಿರಲಿಲ್ಲ. ಅದಾದ ಮೇಲೆ 1802ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದರು.

ದೊಡ್ಡಪ್ಪ: ಹಾಂ, ಅಲ್ಲಿಗೆ ಬಾ. ಅಲ್ಲಿ 1810ರಲ್ಲಿ ಗ್ರೀನ್‌ವುಡ್ ವಿರುದ್ಧ ಕರ್ಟಿಸ್ ಎಂಬ ಕೇಸು. ಆಫ್ರಿಕಾದ ಕರಾವಳಿಯಲ್ಲಿ ಗುಲಾಮರ ವ್ಯಾಪಾರದಿಂದ ಹುಟ್ಟಿದ ಸಾಲ. ಕೊಡಿಸಬಹುದು ಎಂದಿತು ಬಹುಮತ. ಸೆಡ್ಜ್‌ವಿಕ್ ಒಪ್ಪದೆ ಬೇರೆ ತೀರ್ಪು ಬರೆದರು. ಸಾಲ ಕೊಟ್ಟವರ ಕಡೆ ಅಂದಿರಲ್ಲ, ಈಗ ಏನು ಹೇಳುತ್ತೀರಿ?

ಬಾಸ್ಟನ್ ಅಕ್ಕ: 1808ರಲ್ಲೇ ದೇಶದೊಳಗೆ ಗುಲಾಮರನ್ನು ತರುವುದು ನಿಷೇಧವಾಗಿತ್ತು ದೊಡ್ಡಪ್ಪ. ಆ ಹೊತ್ತಿಗೆ ಹೇಳುವುದು ಸುಲಭ.

ದೊಡ್ಡಪ್ಪ: ಅಷ್ಟು ಸುಲಭವಾಗಿದ್ದರೆ ಮುಖ್ಯ ನ್ಯಾಯಮೂರ್ತಿ ಪಾರ್ಸನ್ಸ್ ಯಾಕೆ ಹೇಳಲಿಲ್ಲ?

ಅತ್ತೆ: ಇದು ಒಳ್ಳೇ ಪಾಯಿಂಟ್, ಕೊಟ್ಟೆ. 1791 ಮಾತ್ರ ಬಿಡಲ್ಲ.

ಬಾಸ್ಟನ್ ಅಕ್ಕ: ನಾನೂ ಬಿಡಲ್ಲ. ಅಂದಹಾಗೆ 2022ರಲ್ಲಿ ಶೆಫೀಲ್ಡ್‌ನಲ್ಲಿ ಕಂಚಿನ ಪ್ರತಿಮೆ ನಿಲ್ಲಿಸಿದರು. ಬೆಟ್‌ಳದ್ದು.

ಅತ್ತೆ: ಅಣ್ಣ, ಮಹಾನ್ ವಕೀಲ ತೆಗೆದು, ಬೆಟ್ ಮತ್ತು ಅವಳ ವಕೀಲ ಎಂದು ತಿದ್ದಿ ಹಾಕಿ. ನಾನೂ ಫಾರ್ವರ್ಡ್ ಮಾಡುತ್ತೇನೆ.

ದೊಡ್ಡಪ್ಪ: ಮಹಾನ್ ಇರಲಿ. ಬೆಟ್ ಹೆಸರು ಮೇಲೆ ಸೇರಿಸುತ್ತೇನೆ.

ತಮ್ಮ: ಬ್ರೋಮ್?

ದೊಡ್ಡಪ್ಪ: ಆಯ್ತು, ಬ್ರೋಮ್ ಕೂಡ.