ಕೋಡಿಂಗ್ ಸ್ಪರ್ಧೆಗೆ ಹೆಸರು ಕೊಡುವ ಮುಂಚೆ: ನಿಮ್ಮ ಪ್ರಶ್ನೆ, ಕೋಚ್ ಉತ್ತರ

ಎಲ್ಲರಿಗೂ ನಮಸ್ಕಾರ. ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಐಸಿಪಿಸಿಗೆ ಹೋಗುವ ನಮ್ಮ ತಂಡಗಳಿಗೆ ಕೋಚ್ ಕೂಡ ಹೌದು. ಗೊತ್ತಿಲ್ಲದವರಿಗೆ ಎರಡು ಮಾತು: ಐಸಿಪಿಸಿ ಅಂದರೆ ಕಾಲೇಜು ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಪ್ರೋಗ್ರಾಮಿಂಗ್ ಸ್ಪರ್ಧೆ. ಇದರ ಬೇರು 1970ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ನಡೆದ ಒಂದು ಸ್ಪರ್ಧೆಯಲ್ಲಿದೆ. ಮೂರು ಜನ, ಒಂದೇ ಕಂಪ್ಯೂಟರ್, ಐದು ಗಂಟೆ; ಕೊಟ್ಟ ಪ್ರಾಬ್ಲಂಗಳನ್ನು ಪ್ರೋಗ್ರಾಂ ಬರೆದು ಬಿಡಿಸಬೇಕು. ನಮ್ಮಲ್ಲಿ ಮೊದಲು ಆನ್‌ಲೈನ್ ಸುತ್ತು, ಆಮೇಲೆ ಅಮೃತಪುರಿ, ಕಾನ್ಪುರದಂಥ ಕಡೆ ಪ್ರಾದೇಶಿಕ ಸುತ್ತು, ಅಲ್ಲಿಂದ ಮುಂದಿನ ಸುತ್ತನ್ನೂ ದಾಟಿದವರಿಗೆ ವರ್ಲ್ಡ್ ಫೈನಲ್ಸ್.

ಅಲ್ಗಾರಿದಂ ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ನಿಯಮ ಓದಿ ಹೇಳುವವರು ಕಡಿಮೆ. ಒಳ್ಳೆ ಮಕ್ಕಳು "ನಮಗೆ ಅವಕಾಶ ಇಲ್ವೇನೋ" ಅಂದುಕೊಂಡು ಸುಮ್ನೆ ಹಿಂದೆ ಉಳಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹಾಗಾಗಿ ಸಂಕೋಚ ಬಿಟ್ಟು ಕೇಳಿ.

ಪ್ರಶ್ನೆ (ಹಾಸನ, ಮೂರನೇ ಸೆಮಿಸ್ಟರ್): ಮೇಡಂ, ನಾನು ಹಾಸನದಲ್ಲಿ ಓದುತ್ತಿದ್ದೇನೆ. ನನ್ನ ಪಿಯುಸಿ ಗೆಳೆಯ ಮೈಸೂರಿನ ಕಾಲೇಜಿನಲ್ಲಿದ್ದಾನೆ. ಇಬ್ಬರದೂ ವಿಟಿಯು. ಒಂದೇ ಯೂನಿವರ್ಸಿಟಿ ಅಲ್ವಾ, ಒಂದೇ ತಂಡದಲ್ಲಿ ಆಡಬಹುದಾ?

ಉತ್ತರ: ಆಗುವುದಿಲ್ಲ. ಮೂವರೂ ಒಂದೇ ಸಂಸ್ಥೆಯವರಾಗಿರಬೇಕು. ಪದವಿ ಕೊಡುವುದು ವಿಟಿಯು ಆದರೂ ಸ್ಪರ್ಧೆಯ ಲೆಕ್ಕದಲ್ಲಿ ಪ್ರತಿ ಕಾಲೇಜೂ ಬೇರೆ ಬೇರೆ ಸಂಸ್ಥೆ. ಗೆಳೆಯನ ಜೊತೆ ಅಭ್ಯಾಸ ಮಾಡಲು ಯಾರ ಅಡ್ಡಿಯೂ ಇಲ್ಲ, ತಂಡ ಮಾತ್ರ ನಿಮ್ಮ ಕಾಲೇಜಿನೊಳಗೇ ಕಟ್ಟಬೇಕು.

ಅದೇ ವಿದ್ಯಾರ್ಥಿ: ಬೇರೆ ಬ್ರಾಂಚ್‌ನವರು ಇದ್ದರೆ?

ಉತ್ತರ: ಧಾರಾಳವಾಗಿ ಇರಬಹುದು. ಮೆಕ್ಯಾನಿಕಲ್, ಸಿವಿಲ್, ಇಸಿ, ಯಾರಾದರೂ ಸರಿ. ಗಣಿತ ಗಟ್ಟಿ ಇರುವ ಇಸಿ ಹುಡುಗಿಯೊಬ್ಬಳು ತಂಡದಲ್ಲಿದ್ದರೆ ನಾನಂತೂ ಖುಷಿ ಪಡುತ್ತೇನೆ. ಬೇರೆ ಸೆಮಿಸ್ಟರ್ ಆದರೂ ಪರವಾಗಿಲ್ಲ.

ಪ್ರಶ್ನೆ (ಗದಗ, ಲ್ಯಾಟರಲ್ ಎಂಟ್ರಿ): ಮೇಡಂ, ನಾನು ಎಸ್‌ಎಸ್‌ಎಲ್‌ಸಿ ಆದ ಮೇಲೆ ಮೂರು ವರ್ಷ ಡಿಪ್ಲೊಮಾ ಮಾಡಿ ಈಗ ಬಿಇ ಎರಡನೇ ವರ್ಷಕ್ಕೆ ಸೇರಿದ್ದೇನೆ. "ಕಾಲೇಜು ಸೇರಿ ಐದು ವರ್ಷದೊಳಗೆ ಇರಬೇಕಂತೆ, ಡಿಪ್ಲೊಮಾ ಸೇರಿಸಿದರೆ ನಿಂದು ಮುಗಿದೇ ಹೋಗುತ್ತೆ" ಅಂತ ಸೀನಿಯರ್ ಒಬ್ಬರು ಹೇಳಿದರು. ನಿಜಾನಾ?

ಉತ್ತರ: ಈ ಪ್ರಶ್ನೆ ಕೇಳಿದ್ದು ತುಂಬಾ ಒಳ್ಳೆಯದಾಯಿತು. ನಮ್ಮ ಕಡೆ ಡಿಪ್ಲೊಮಾದಿಂದ ಬರುವ ಮಕ್ಕಳು ಜಾಸ್ತಿ, ಅವರಿಗೆಲ್ಲ ಇದೇ ಮಾತು ಹೇಳಿ ಹೆದರಿಸುತ್ತಾರೆ.

ನಿಯಮದಲ್ಲಿ ಎರಡು ದಾರಿ ಇದೆ. ಒಂದು, ಶಾಲೆ ಮುಗಿಸಿ ಉನ್ನತ ಶಿಕ್ಷಣ ಶುರು ಮಾಡಿದ ವರ್ಷ. ಇನ್ನೊಂದು, ಹುಟ್ಟಿದ ವರ್ಷ. ಇಂಥ ವರ್ಷ ಅಥವಾ ಆಮೇಲೆ ಓದು ಶುರು ಮಾಡಿರಬೇಕು, ಅಥವಾ ಇಂಥ ವರ್ಷ ಅಥವಾ ಆಮೇಲೆ ಹುಟ್ಟಿರಬೇಕು. ಎರಡರಲ್ಲಿ ಒಂದು ಸರಿ ಹೋದರೆ ಸಾಕು. ಆ "ಅಥವಾ" ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿ ಸೀಸನ್‌ಗೆ ಎರಡೂ ವರ್ಷಗಳು ಒಂದೊಂದು ಹೆಜ್ಜೆ ಮುಂದೆ ಹೋಗುತ್ತವೆ, ಆದ್ದರಿಂದ ಹಳೆ ಸ್ಕ್ರೀನ್‌ಶಾಟ್ ನಂಬಬೇಡಿ, ಈ ಸಲದ ನಿಯಮವನ್ನೇ ತೆಗೆದು ನೋಡಿ. ಹದಿನಾರಕ್ಕೆ ಎಸ್‌ಎಸ್‌ಎಲ್‌ಸಿ ಮುಗಿಸಿ ಡಿಪ್ಲೊಮಾ ಮಾಡಿ ಬಂದವರಿಗೆ ಈಗ ಹತ್ತೊಂಬತ್ತೋ ಇಪ್ಪತ್ತೋ ಆಗಿರುತ್ತದೆ. ಹುಟ್ಟಿದ ವರ್ಷದ ಲೆಕ್ಕದಲ್ಲಿ ನೀವು ಆರಾಮಾಗಿ ಒಳಗಿದ್ದೀರಿ. ಹೆಸರು ಕೊಡಿ.

ಇದರ ಜೊತೆ ಇನ್ನೂ ಕೆಲವು ಷರತ್ತು ಇವೆ. ನೀವು ಆ ಕಾಲೇಜಿನಲ್ಲಿ ಪದವಿ ಓದುತ್ತಿರಬೇಕು. ಐದು ವರ್ಷ ಪ್ರಾದೇಶಿಕ ಸುತ್ತು ಆಡಿದವರಿಗೆ ಮತ್ತೆ ಅವಕಾಶ ಇಲ್ಲ. ಎರಡು ಸಲ ವರ್ಲ್ಡ್ ಫೈನಲ್ಸ್ ಆಡಿದವರಿಗೂ ಇಲ್ಲ. ಕಾಯಿಲೆಯಿಂದಲೋ ಬೇರೆ ಕಾರಣದಿಂದಲೋ ಓದು ಮಧ್ಯೆ ನಿಂತು ವರ್ಷ ಮೀರಿದ್ದರೆ, ಕೋಚ್ ಮೂಲಕ ಮನವಿ ಕೊಡುವ ದಾರಿ ಇದೆ. ಕೊಟ್ಟ ಕೂಡಲೇ ಸಿಗುತ್ತದೆ ಅಂತಲ್ಲ, ಆದರೆ ಕೇಳದೆ ಬಿಡಬೇಡಿ.

ಪ್ರಶ್ನೆ (ಶಿವಮೊಗ್ಗ): ಬಿಸಿಎ ಮುಗಿಸಿ ಎಂಸಿಎ ಸೇರಿದ್ದೇನೆ. ಇದು ಬಿಇ ಹುಡುಗರಿಗೆ ಮಾತ್ರಾನಾ?

ಉತ್ತರ: ಖಂಡಿತ ಅಲ್ಲ. ಬಿಸಿಎ, ಬಿಎಸ್ಸಿ, ಎಂಸಿಎ, ಎಂಟೆಕ್ ಯಾವುದಾದರೂ ಸರಿ. ಮೇಲೆ ಹೇಳಿದ ವರ್ಷದ ಲೆಕ್ಕ ಒಂದು ಸರಿ ನೋಡಿಕೊಳ್ಳಿ, ಅಷ್ಟೆ.

ಪ್ರಶ್ನೆ (ಬಾಗಲಕೋಟೆ): ನಮ್ಮ ಕಾಲೇಜಿನಿಂದ ಈವರೆಗೆ ಯಾರೂ ಹೋಗಿಲ್ಲರೀ ಮೇಡಂ. ಕೋಚ್ ಬೇಕೇ ಬೇಕೇನ್ರೀ? ನಮ್ಮ ಸರ್ ಒಬ್ಬರನ್ನ ಕೇಳಿದರೆ "ನನಗೆ ಕಾಂಪಿಟಿಟಿವ್ ಪ್ರೋಗ್ರಾಮಿಂಗ್ ಬರಲ್ಲ" ಅಂದರು.

ಉತ್ತರ: ಕೋಚ್ ಬೇಕು. ಆದರೆ ಆ ಸರ್‌ಗೆ ಹೀಗೆ ಹೇಳಿ: ಕೋಚ್ ಪ್ರಾಬ್ಲಂ ಬಿಡಿಸಬೇಕಾಗಿಲ್ಲ. ಇವರು ನಮ್ಮ ವಿದ್ಯಾರ್ಥಿಗಳು, ಇವರ ವಿವರ ಸರಿಯಿದೆ, ಇವರು ಅರ್ಹರು ಅಂತ ಕಾಲೇಜಿನ ಪರವಾಗಿ ಹೇಳುವ ಜವಾಬ್ದಾರಿ ಅವರದು. ಸಂಘಟಕರಿಂದ ಬರುವ ಮೇಲ್ ನೋಡಬೇಕು, ಪ್ರಿನ್ಸಿಪಾಲರ ಹತ್ತಿರ ಅನುಮತಿ ತರಬೇಕು, ಊರು ಬಿಟ್ಟು ಹೋಗುವಾಗ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಸ್ಪರ್ಧೆ ನಡೆಯುವ ಐದು ಗಂಟೆ ಕೋಚ್ ತಂಡದ ಜೊತೆ ಮಾತಾಡುವಂತೆಯೇ ಇಲ್ಲ! ಹಾಗಿದ್ದ ಮೇಲೆ ಅವರಿಗೆ ಕೋಡಿಂಗ್ ಎಷ್ಟು ಬಂದರೇನು? ಮಕ್ಕಳ ಮೇಲೆ ಕಾಳಜಿ ಇರುವ ಒಬ್ಬರು ಸಾಕು.

ಕಾಲೇಜಿನ ಹೆಸರು ಐಸಿಪಿಸಿ ವೆಬ್‌ಸೈಟಿನಲ್ಲಿ ಇಲ್ಲದಿದ್ದರೆ ಸೇರಿಸಲು ಕೇಳಿಕೊಳ್ಳಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಕೊನೆ ದಿನದವರೆಗೆ ಕಾಯಬೇಡಿ.

ಪ್ರಶ್ನೆ (ಹೆಸರು ಬೇಡ ಎಂದವರು): ಹಾಸ್ಟೆಲ್‌ನಲ್ಲಿ ಎರಡು ತಂಡ ಒಂದೇ ರೂಮಿನಲ್ಲಿ ಕೂತು ಆನ್‌ಲೈನ್ ಸುತ್ತು ಬರೆಯುತ್ತಾರೆ. ಐಡಿಯಾ ಮಾತ್ರ ಹಂಚಿಕೊಳ್ಳುತ್ತೇವೆ, ಕೋಡ್ ನಮ್ಮದೇ ಅನ್ನುತ್ತಾರೆ. ಇದು ತಪ್ಪಾ? ಗೊತ್ತಾಗುತ್ತಾ?

ಉತ್ತರ: ತಪ್ಪು. ತಂಡ ಅಂದರೆ ಆ ಮೂವರು ಮಾತ್ರ. ನಾಲ್ಕನೆಯವರ ತಲೆಯಿಂದ ಐಡಿಯಾ ಬಂದರೂ ಅದು ಹೊರಗಿನ ಸಹಾಯವೇ. ಈ ಸ್ಪರ್ಧೆಗಳಲ್ಲಿ ಐಡಿಯಾನೇ ಮುಖ್ಯ. ಕೋಡ್ ಬರೆಯುವುದು ಹತ್ತು ನಿಮಿಷದ ಕೆಲಸ, ದಾರಿ ಹೊಳೆಯುವುದಕ್ಕೆ ಗಂಟೆ ಬೇಕು. ಐಡಿಯಾ ಕೊಟ್ಟರೆ ಎಲ್ಲವನ್ನೂ ಕೊಟ್ಟ ಹಾಗೆ.

ಗೊತ್ತಾಗುತ್ತಾ ಅಂದರೆ, ಹೌದು. ಸ್ಪರ್ಧೆ ಮುಗಿದ ಮೇಲೆ ಎಲ್ಲ ಕೋಡ್‌ಗಳನ್ನೂ ಒಂದಕ್ಕೊಂದು ಹೋಲಿಸಿ ನೋಡುತ್ತಾರೆ. ಇದಕ್ಕೆ ಅಂತಲೇ ಇರುವ ಮಾಸ್ ಎಂಬ ಸಾಫ್ಟ್‌ವೇರ್ 1994ರಿಂದಲೂ ಬಳಕೆಯಲ್ಲಿದೆ. ವೇರಿಯೆಬಲ್ ಹೆಸರು ಬದಲಾಯಿಸಿದರೆ, ಕಮೆಂಟ್ ಹಾಕಿದರೆ, ಮಧ್ಯೆ ಖಾಲಿ ಸಾಲು ಬಿಟ್ಟರೆ ಅದು ಮೋಸ ಹೋಗುವುದಿಲ್ಲ. ಕೋಡಿನ ಮೈಕಟ್ಟನ್ನೇ ಅದು ನೋಡುವುದು. ಸಿಕ್ಕಿಬಿದ್ದರೆ ತೆಗೆದುಕೊಂಡವರು ಮಾತ್ರವಲ್ಲ, ಕೊಟ್ಟವರೂ ಹೊರಗೆ. "ನಾನು ಸಹಾಯ ಮಾಡಿದ್ದಷ್ಟೇ ಮೇಡಂ" ಅಂತ ಅತ್ತ ಹುಡುಗರನ್ನು ನೋಡಿದ್ದೇನೆ. ಚೆನ್ನಾಗಿ ಬರೆದವನೇ ಮೊದಲು ಅಳುತ್ತಾನೆ, ಯಾಕೆಂದರೆ ಕಳೆದುಕೊಳ್ಳುವುದು ಅವನಿಗೇ ಜಾಸ್ತಿ.

ಇನ್ನೊಂದು ವಿಷಯ. ಗೊತ್ತಿಲ್ಲದೆ ಸೋರಿಹೋದರೂ ತಪ್ಪು ತಪ್ಪೇ. ಆನ್‌ಲೈನ್ ಕೋಡಿಂಗ್ ಸ್ಪರ್ಧೆ ನಡೆಸುವ ಕೋಡ್‌ಫೋರ್ಸಸ್ ವೆಬ್‌ಸೈಟಿನವರು ಎಚ್ಚರಿಕೆ ಕೊಡುವಾಗ, ಬ್ರೌಸರ್‌ನಲ್ಲೇ ಕೋಡ್ ಓಡಿಸಿ ನೋಡುವ ಐಡಿಯೋನ್ ಸೈಟಿನ ಹೆಸರನ್ನೇ ಹೇಳುತ್ತಾರೆ. ಅದರಲ್ಲಿ ಸೆಟ್ಟಿಂಗ್ ಬದಲಾಯಿಸದೆ ಕೋಡ್ ಹಾಕಿದರೆ ಅದು ಎಲ್ಲರಿಗೂ ಕಾಣುತ್ತದೆ. ಸ್ಪರ್ಧೆ ನಡೆಯುವಾಗ ಯಾರೋ ಅದನ್ನು ಎತ್ತಿಕೊಂಡರೆ ಇಬ್ಬರ ಮೇಲೂ ಬರುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲೇ ಕಂಪೈಲರ್ ಹಾಕಿಕೊಳ್ಳಿ, ಈ ತಲೆನೋವೇ ಇಲ್ಲ.

ಪ್ರಶ್ನೆ (ಬೆಂಗಳೂರು): ಚಾಟ್‌ಜಿಪಿಟಿ ವಿಷಯ ಹೇಳಿ ಮೇಡಂ. ಎಡಿಟರ್‌ನಲ್ಲಿ ತಾನೇ ಕೋಡ್ ಸೂಚಿಸುವ ಕೋಪೈಲಟ್ ಆನ್ ಇದ್ದರೆ ಏನಾಗುತ್ತೆ?

ಉತ್ತರ: ಪ್ರಾದೇಶಿಕ ಸುತ್ತಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಕಂಪ್ಯೂಟರ್ ಅವರದು, ಹೊರಗಿನ ಇಂಟರ್ನೆಟ್ ಇರುವುದಿಲ್ಲ. ಮನೆಯಿಂದ ಬರೆಯುವ ಸುತ್ತುಗಳಲ್ಲೇ ಪರೀಕ್ಷೆ, ನಿಮ್ಮ ಮನಸ್ಸಿನ ಪರೀಕ್ಷೆ.

ಕೋಡ್‌ಫೋರ್ಸಸ್ 2024ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ಪ್ರತ್ಯೇಕ ನಿಯಮ ತಂದಿತು. ಪ್ರಾಬ್ಲಂ ಹೇಳಿಕೆಯನ್ನು (ಅಂದರೆ ಪ್ರಶ್ನೆಯ ಪಠ್ಯವನ್ನು) ಎಐಗೆ ಕೊಟ್ಟು ದಾರಿ ಕೇಳುವ ಹಾಗಿಲ್ಲ, ಪರಿಹಾರದ ಕೋಡ್ ಬರೆಸುವ ಹಾಗಿಲ್ಲ, ತಪ್ಪು ಎಲ್ಲಿದೆ ಅಂತ ಹುಡುಕಿಸುವ ಹಾಗೂ ಇಲ್ಲ. ಬೇರೆ ಸ್ಪರ್ಧೆಗಳಲ್ಲಿ ಗೆರೆ ಸ್ವಲ್ಪ ಆಚೀಚೆ ಇರಬಹುದು. ನನ್ನ ಹುಡುಗರಿಗೆ ನಾನು ಹೇಳುವುದು, ಸ್ಪರ್ಧೆ ಶುರುವಾಗುವ ಮುಂಚೆ ಎಡಿಟರ್‌ನಲ್ಲಿ ಎಐ ಪೂರ್ತಿ ಆಫ್ ಮಾಡಿ. ಅರ್ಧ ಸಾಲು ಟೈಪ್ ಮಾಡುವಷ್ಟರಲ್ಲಿ ಅದು ಇಡೀ ಫಂಕ್ಷನ್ ಬರೆದು ತೋರಿಸಿದರೆ, ನೋಡಿದ್ದನ್ನು ನೋಡಿಲ್ಲ ಅನ್ನಲು ಆಗುತ್ತದಾ? ಅಭ್ಯಾಸ ಮಾಡುವಾಗ, ಸ್ಪರ್ಧೆ ಮುಗಿದ ಮೇಲೆ, ಎಷ್ಟು ಬೇಕಾದರೂ ಕೇಳಿ ಕಲಿಯಿರಿ.

ಪ್ರಶ್ನೆ (ರಾಯಚೂರು): ನಾನು ಪೂರ್ತಿ ಕನ್ನಡ ಮೀಡಿಯಂ. ಕೋಡ್ ಬರುತ್ತದೆ, ಆದರೆ ಪ್ರಾಬ್ಲಂ ಹೇಳಿಕೆ ಎರಡು ಪುಟ ಇಂಗ್ಲಿಷ್ ಇದ್ದರೆ ಅರ್ಥ ಆಗುವಷ್ಟರಲ್ಲಿ ಟೈಂ ಹೋಗುತ್ತದೆ. ಅನುವಾದ ಮಾಡಿಕೊಂಡರೆ ಅದೂ ತಪ್ಪಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ಮನಸ್ಸಿಗೆ ತಟ್ಟಿತು, ಯಾಕೆಂದರೆ ಈ ಕಾರಣಕ್ಕೇ ಎಷ್ಟೋ ಮಕ್ಕಳು ಬಿಟ್ಟುಬಿಡುತ್ತಾರೆ. ಕೋಡ್‌ಫೋರ್ಸಸ್‌ನ ಅದೇ ನಿಯಮದಲ್ಲಿ ಹೇಳಿಕೆಯ ಅನುವಾದಕ್ಕೆ ಅವಕಾಶ ಇದೆ. ಆದರೆ ಅನುವಾದ ಮಾತ್ರ. "ಇದನ್ನು ಸುಲಭ ಮಾಡಿ ಹೇಳು, ಮುಖ್ಯ ಅಂಶ ಏನು" ಅಂತ ಕೇಳಿದರೆ ಗೆರೆ ದಾಟಿದಂತೆ.

ಐಸಿಪಿಸಿ ವರ್ಲ್ಡ್ ಫೈನಲ್ಸ್‌ನಲ್ಲಿ ಅಚ್ಚಾದ ಭಾಷಾ ನಿಘಂಟು ಒಯ್ಯಬಹುದು, ಒಳಗೆ ಏನೂ ಬರೆದಿರಬಾರದು. ಇಂಗ್ಲಿಷ್-ಕನ್ನಡ ನಿಘಂಟೂ ಅದರಲ್ಲಿ ಬರುತ್ತದೆ. ಪ್ರಾದೇಶಿಕ ಸುತ್ತಿನಲ್ಲಿ ಬಿಡುತ್ತಾರಾ ಅಂತ ಕೋಚ್ ಮೊದಲೇ ಮೇಲ್ ಹಾಕಿ ಕೇಳಲಿ. ಇದಕ್ಕಿಂತ ಗಟ್ಟಿ ಉಪಾಯ ತಂಡದಲ್ಲೇ ಇದೆ: ಓದುವುದು ಒಬ್ಬರ ಪಾಲು, ಅವರು ನಿಮಗೆ ಕನ್ನಡದಲ್ಲಿ ಹೇಳಲಿ. ತಂಡದವರು ತಮ್ಮತಮ್ಮಲ್ಲಿ ಯಾವ ಭಾಷೆಯಲ್ಲಾದರೂ ಮಾತಾಡಬಹುದು. ಹೇಳಿಕೆಯಲ್ಲಿ ಏನಾದರೂ ಅಸ್ಪಷ್ಟ ಅನ್ನಿಸಿದರೆ ತೀರ್ಪುಗಾರರಿಗೆ ಪ್ರಶ್ನೆ ಕಳಿಸುವ ಹಕ್ಕೂ ನಿಮಗಿದೆ. ನಾಚಿಕೆ ಬೇಡ.

ಪ್ರಶ್ನೆ (ಉಡುಪಿ): ಒಳಗೆ ಏನು ತೆಗೆದುಕೊಂಡು ಹೋಗಬಹುದು?

ಉತ್ತರ: ಮೊಬೈಲ್, ಸ್ಮಾರ್ಟ್‌ವಾಚ್, ಪೆನ್‌ಡ್ರೈವ್, ಕ್ಯಾಲ್ಕುಲೇಟರ್ ಯಾವುದೂ ಬೇಡ. ತಂಡದ ನೋಟ್ಸ್ ಪ್ರಿಂಟ್ ತೆಗೆದು ಒಯ್ಯಬಹುದು. ವರ್ಲ್ಡ್ ಫೈನಲ್ಸ್‌ನಲ್ಲಿ ಅದು 25 ಪುಟ, ಒಂದೇ ಬದಿ ಪ್ರಿಂಟ್. ಪ್ರಾದೇಶಿಕ ಸುತ್ತಿನ ಮಿತಿಯನ್ನು ಅಲ್ಲಿನ ನಿಯಮದಲ್ಲಿ ನೋಡಿ.

ಪ್ರಶ್ನೆ (ಉಡುಪಿ): ತಪ್ಪು ಉತ್ತರ ಕಳಿಸಿದರೆ ಮಾರ್ಕ್ಸ್ ಕಟ್ ಆಗುತ್ತಾ?

ಉತ್ತರ: ಮಾರ್ಕ್ಸ್ ಅಲ್ಲ, ಸಮಯ ಸೇರುತ್ತದೆ. ಮೊದಲು ಎಷ್ಟು ಪ್ರಾಬ್ಲಂ ಬಿಡಿಸಿದಿರಿ ಅಂತ ನೋಡುತ್ತಾರೆ. ಅದು ಸಮ ಆದರೆ ಸಮಯ ಕಡಿಮೆ ಇದ್ದವರು ಮೇಲೆ. ಒಂದು ಪ್ರಾಬ್ಲಂ 40ನೇ ನಿಮಿಷಕ್ಕೆ ಸರಿಯಾಯಿತು, ಅದಕ್ಕೆ ಮುಂಚೆ ಎರಡು ಸಲ ತಪ್ಪು ಕಳಿಸಿದ್ದಿರಿ ಅನ್ನಿ. ತಪ್ಪಿಗೆ 20 ನಿಮಿಷದಂತೆ 40 ಸೇರಿ ನಿಮ್ಮ ಲೆಕ್ಕ 80. ಕೊನೆಗೂ ಬಿಡಿಸಲಾಗದ ಪ್ರಾಬ್ಲಂನ ತಪ್ಪುಗಳು ಲೆಕ್ಕಕ್ಕಿಲ್ಲ. ಹಾಗಾಗಿ ಕೊನೇ ನಿಮಿಷದಲ್ಲಿ ಹೆದರದೆ ಕಳಿಸಿ.

ಪ್ರಶ್ನೆ (ಶಿರಸಿ, ಪೋಷಕರು): ನಮಸ್ಕಾರ ಮೇಡಂ. ಮಗಳು ಒಂಬತ್ತನೇ ಕ್ಲಾಸು. ಕೋಡಿಂಗ್ ಹುಚ್ಚು. ಶಾಲೆ ಮಕ್ಕಳಿಗೆ ಇಂಥದ್ದು ಇದೆಯೇ? ಒಂದು ಕೋಚಿಂಗ್‌ನವರು ದೊಡ್ಡ ಮೊತ್ತ ಕೇಳಿದರು.

ಉತ್ತರ: ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ. ಶಾಲಾ ಮಕ್ಕಳಿಗೆ ಇಂಡಿಯನ್ ಕಂಪ್ಯೂಟಿಂಗ್ ಒಲಿಂಪಿಯಾಡ್ ಇದೆ, ನಡೆಸುವುದು ಐಎಆರ್‌ಸಿಎಸ್ ಎಂಬ ಸಂಸ್ಥೆ. ಹನ್ನೆರಡನೇ ತರಗತಿವರೆಗಿನವರು ಬರೆಯಬಹುದು. ಮೊದಲ ಹಂತದಲ್ಲಿ ಎರಡು ಬಾಗಿಲು. ಜೆಡ್‌ಐಒ ಎಂಬುದರಲ್ಲಿ ಕೋಡ್ ಬರೆಯುವುದೇ ಇಲ್ಲ, ಕಾಗದದ ಮೇಲೆ ತರ್ಕದಿಂದ ಉತ್ತರ ಕಂಡುಹಿಡಿಯಬೇಕು. ಜೆಡ್‌ಸಿಒದಲ್ಲಿ ಪ್ರೋಗ್ರಾಂ ಬರೆಯಬೇಕು. ಒಂದರಲ್ಲಿ ಆಯ್ಕೆಯಾದರೂ ರಾಷ್ಟ್ರಮಟ್ಟದ ಐಎನ್‌ಒಐಗೆ ಹೋಗಬಹುದು. ಅಲ್ಲಿಂದ ತರಬೇತಿ ಶಿಬಿರ, ಅದರಿಂದ ನಾಲ್ಕು ಮಕ್ಕಳು ಐಒಐ ಎಂಬ ಜಾಗತಿಕ ಒಲಿಂಪಿಯಾಡ್‌ಗೆ. ಐಒಐ ಶುರುವಾದದ್ದು 1989ರಲ್ಲಿ ಬಲ್ಗೇರಿಯಾದಲ್ಲಿ. ಇಲ್ಲಿ ತಂಡದ ಆಟ ಇಲ್ಲ, ಒಬ್ಬೊಬ್ಬರೇ ಬರೆಯುತ್ತಾರೆ: ಎರಡು ದಿನ, ದಿನಕ್ಕೆ ಐದು ಗಂಟೆ, ಮೂರು ಪ್ರಾಬ್ಲಂ. ಆ ವರ್ಷದ ಜುಲೈ 1ಕ್ಕೆ ವಯಸ್ಸು 20 ಮೀರಿರಬಾರದು.

ನಿಮ್ಮ ಮಗಳ ಮುಂದೆ ಇನ್ನೂ ಮೂರು ವರ್ಷ ಇದೆ. ಈ ಸಲ ಜೆಡ್‌ಐಒ ಬರೆಯಲಿ. ಹಳೆ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಸಿ++ ನಿಧಾನವಾಗಿ ಕಲಿಯಲಿ, ಐಒಐಗೆ ಅದೇ ಬೇಕು. ಕೋಚಿಂಗ್ ದುಡ್ಡಿನಲ್ಲಿ ಒಂದು ಒಳ್ಳೆ ಕೀಬೋರ್ಡ್ ಇರುವ ಕಂಪ್ಯೂಟರ್ ತೆಗೆದುಕೊಡಿ.

ಪ್ರಶ್ನೆ (ತುಮಕೂರು): ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ಗೆ (ಕೊಟ್ಟ ಸಮಸ್ಯೆಗೆ ತಂಡವಾಗಿ ಪರಿಹಾರ ಕಟ್ಟುವ ಸ್ಪರ್ಧೆ) ನಾವು ಐದು ಹುಡುಗರು ರೆಡಿ ಇದ್ದೇವೆ. ಆಗುತ್ತಾ?

ಉತ್ತರ: ಆಗಲ್ಲ. ಅಲ್ಲಿ ಆರು ಜನ, ಅದರಲ್ಲಿ ಒಬ್ಬಳಾದರೂ ವಿದ್ಯಾರ್ಥಿನಿ ಇರಲೇಬೇಕು. ಎಲ್ಲರೂ ಒಂದೇ ಕಾಲೇಜು. ನೀವು ನೇರವಾಗಿ ಹೋಗುವಂತಿಲ್ಲ, ಮೊದಲು ಕಾಲೇಜಿನೊಳಗೆ ಆಯ್ಕೆ ಆಗಬೇಕು, ಆಮೇಲೆ ಕಾಲೇಜಿನ ಎಸ್‌ಪಿಒಸಿ, ಅಂದರೆ ಈ ಸ್ಪರ್ಧೆಗೆ ಕಾಲೇಜಿನ ಪರವಾಗಿ ಸಂಪರ್ಕದಲ್ಲಿರುವವರು, ನಿಮ್ಮ ಹೆಸರು ಕಳಿಸುತ್ತಾರೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಜಾಗ ತುಂಬಲಿಕ್ಕೆ ಅಂತ ಕ್ಲಾಸಿನ ಹುಡುಗಿಯೊಬ್ಬಳ ಹೆಸರು ಬರೆದು, ಪಿಪಿಟಿ ಮಾಡುವ ಕೆಲಸ ಅವಳಿಗೆ ಹಚ್ಚಬೇಡಿ. ಮೊದಲ ದಿನದಿಂದ ಕರೆದು ಕೂರಿಸಿ, ಕೋಡ್‌ನಲ್ಲಿ ಪಾಲು ಕೊಡಿ. ಇಲ್ಲದಿದ್ದರೆ ಅವಳ ಅವಕಾಶವನ್ನು ನೀವು ಕಸಿದುಕೊಂಡಂತೆ.

ಪ್ರಶ್ನೆ (ಮಂಡ್ಯ): ಐಸಿಪಿಸಿ ಫಾರಂನಲ್ಲಿ ಮೊದಲ ಹೆಸರು, ಕೊನೆಯ ಹೆಸರು ಅಂತ ಕೇಳುತ್ತೆ. ನನಗೆ ಇನಿಶಿಯಲ್ ಮಾತ್ರ ಇದೆ ಮೇಡಂ, ಸರ್‌ನೇಮ್ ಇಲ್ಲ.

ಉತ್ತರ: ನಮ್ಮ ಕಡೆಯವರಿಗೆಲ್ಲ ಇದೇ ತೊಂದರೆ. ಪಾಸ್‌ಪೋರ್ಟ್ ಇದ್ದರೆ ಅದರಲ್ಲಿ ಹೇಗಿದೆಯೋ ಹಾಗೇ ಹಾಕಿ, ಅಲ್ಲಿ ಇನಿಶಿಯಲ್ ಬಿಡಿಸಿ ಬರೆದಿದ್ದರೆ ಇಲ್ಲೂ ಬಿಡಿಸಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಕಾಲೇಜು ಐಡಿ, ಆಧಾರ್, ಮಾರ್ಕ್ಸ್ ಕಾರ್ಡ್ ಮೂರನ್ನೂ ಎದುರಿಗೆ ಇಟ್ಟುಕೊಂಡು ಒಂದೇ ಥರ ಇದೆಯಾ ನೋಡಿ. ಇಲ್ಲದಿದ್ದರೆ ಈಗಲೇ ಸರಿ ಮಾಡಿಸಲು ಕೊಡಿ. ಇದರ ಜೊತೆ ಸರ್ಟಿಫಿಕೇಟ್‌ನಲ್ಲಿ ಬರುವ ಹೆಸರಿನ ಜಾಗ ಬೇರೆ ಇರುತ್ತದೆ. ಅದರಲ್ಲಿ ನೀವು ದಿನನಿತ್ಯ ಬರೆಯುವ ಹಾಗೆ ಇನಿಶಿಯಲ್ ಜೊತೆಗೇ ಹಾಕಬಹುದು. ಮೂವರೂ ತಮ್ಮತಮ್ಮ ಪ್ರೊಫೈಲ್ ಪೂರ್ತಿ ತುಂಬಬೇಕು. ಒಬ್ಬರದು ಅರ್ಧ ಉಳಿದರೂ ಇಡೀ ತಂಡದ ನೋಂದಣಿ ನಿಲ್ಲಬಹುದು. ಹಾಗಾಗಿ ಇವತ್ತು ರಾತ್ರಿಯೇ ಮೂವರೂ ಒಟ್ಟಿಗೆ ಕೂತು ಮುಗಿಸಿ.