ದೋಣಿ ಟಾಯ್ಲೆಟ್ಟಿನ ಪಂಪ್ ಒತ್ತೋಕೇ ಆಗ್ತಿಲ್ಲ, ಹೋಸ್ ಬದಲಿಸಬೇಕಾ?

ಸಿಯಾಟಲ್ ದೋಣಿ:
ನಮಸ್ಕಾರ. ಹೋದ ವರ್ಷ 30 ಅಡಿಯ ಹಳೇ ಹಾಯಿದೋಣಿ ಕೊಂಡೆ. ಟಾಯ್ಲೆಟ್ ಕೈಪಂಪಿನದು, ಸಮುದ್ರದ ನೀರಲ್ಲೇ ಫ್ಲಶ್. ಎರಡು ವಾರದಿಂದ ಹಿಡಿ ಒತ್ತೋಕೆ ಎರಡೂ ಕೈ ಬೇಕು, ಬಿಟ್ಟರೆ ಗಲೀಜು ನೀರು ವಾಪಸ್ ಬೌಲಿಗೆ. ಪಂಪಿನ ಸೀಲು, ಜೋಕರ್ ವಾಲ್ವ್ (ಗಲೀಜು ವಾಪಸ್ ಬರದ ಹಾಗೆ ತಡೆಯೋ ರಬ್ಬರ್ ವಾಲ್ವ್) ಎರಡೂ ಹೊಸದು ಹಾಕಿದೆ. ಏನೂ ಪ್ರಯೋಜನ ಇಲ್ಲ. ಪಂಪಿನಿಂದ ಗಲೀಜು ತುಂಬೋ ಟ್ಯಾಂಕಿಗೆ ಸುಮಾರು 3 ಮೀಟರ್ ಹೋಸ್ ಇದೆ, ಮಲಗೋ ಜಾಗದ ಅಡಿಯಿಂದ ಹೋಗುತ್ತೆ. ಮನೆಯವರು ದೋಣಿಗೆ ಬರೋದೇ ಬಿಟ್ಟಿದಾರೆ.

ಪಣಂಬೂರು ಇಂಜಿನಿಯರ್:
ಟ್ಯಾಂಕಿನ ವೆಂಟ್, ಅಂದ್ರೆ ಗಾಳಿ ಹೋಗುವ ಕೊಳವೆ, ಕಟ್ಟಿದ್ರೂ ಹೀಗೇ ಆಗ್ತದೆ. ಡೆಕ್ಕಿನ ಮೇಲಿನ ಪಂಪ್‌ಔಟ್ (ಟ್ಯಾಂಕಿನ ಗಲೀಜು ಹೀರಿ ತೆಗೆಯುವ ಬಾಯಿ) ಮುಚ್ಚಳ ತೆಗೆದಿಟ್ಟು ಒತ್ತಿ ನೋಡಿ.

ಸಿಯಾಟಲ್ ದೋಣಿ:
ನೋಡಿದೆ ಸರ್. ಅಷ್ಟೇ ಗಟ್ಟಿ.

ಪಣಂಬೂರು ಇಂಜಿನಿಯರ್:
ಹಾಗಾದ್ರೆ ಹೋಸೇ ಮಾರಾಯ್ರೆ. ಮೂತ್ರಕ್ಕೆ ಉಪ್ಪುನೀರು ಸೇರಿದ್ರೆ ಕ್ಯಾಲ್ಸಿಯಂ ಒಳಗೇ ಕೂತ್ಕೊಳ್ತದೆ, ಬಚ್ಚಲ ಹಂಡೆಗೆ ಸುಣ್ಣ ಹಿಡಿದ ಹಾಗೆ. ಹಡಗಲ್ಲಿ ಇಂಥ ಪೈಪು ಎಷ್ಟು ಬಿಚ್ಚಿದ್ದೇನೋ ಲೆಕ್ಕ ಇಲ್ಲ.

ಮೊದಲು ತಳದ ಸೀಕಾಕ್ (ಸಮುದ್ರದ ನೀರು ಒಳಗೆ ಬರದ ಹಾಗೆ ಮುಚ್ಚುವ ವಾಲ್ವ್) ಎರಡೂ ಮುಚ್ಚಿ. ಅದು ಮರೆತ್ರೆ ಗಲೀಜಿನ ಚಿಂತೆ ಹೋಗಿ ಮುಳುಗುವ ಚಿಂತೆ. ಟ್ಯಾಂಕ್ ಖಾಲಿ ಮಾಡಿಸಿ, ಡೆಕ್ಕಿಂದ ಅದಕ್ಕೆ ಸಿಹಿನೀರು ಬಿಟ್ಟು ಇನ್ನೊಮ್ಮೆ ಖಾಲಿ ಮಾಡಿಸಿ. ಹೋಸನ್ನು ತಿರುಚಿ ಎಳೀಬೇಡಿ, ಪಂಪಿನ ಪ್ಲಾಸ್ಟಿಕ್ ಮೂತಿ ಮುರೀತದೆ. ಕ್ಲಾಂಪ್ ಬಿಚ್ಚಿ, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಬಿಡಿಸಿ. ಮೂತಿಗೆ ಗೀರು ಬಿದ್ರೆ ಅಲ್ಲೇ ಸೋರ್ತದೆ, ಜಾಗ್ರತೆ. ಹೊರಗೆಳೆಯುವ ಮುಂಚೆ ಎರಡೂ ತುದಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಇಲ್ಲಾಂದ್ರೆ ಹಾಸಿಗೆ ಸಹ ಬಿಸಾಡ್ಬೇಕು.

ಹೊಸದು ಸ್ಯಾನಿಟೇಶನ್ ಹೋಸ್ ಅಂತಲೇ ಕೇಳಿ ತನ್ನಿ. ದೋಣಿ ತಳದ ನೀರು ಹೊರಹಾಕುವ ಬಿಲ್ಜ್ ಪಂಪಿನ ತೆಳು ಹೋಸ್ ಹಾಕಿದ್ರೆ ಸ್ವಲ್ಪ ದಿನಕ್ಕೇ ವಾಸನೆ ಹೊರಗೆ ಬರ್ತದೆ. ತುದಿಯನ್ನು ಕುದಿನೀರಲ್ಲಿ ಅದ್ದಿ, ಪಾತ್ರೆ ತೊಳೆಯುವ ಸೋಪು ಸವರಿ ತುರುಕಿಸಿ. ಒಂದೊಂದು ತುದಿಗೆ ಎರಡೆರಡು ಸ್ಟೀಲ್ ಕ್ಲಾಂಪ್.

ಹೊಸಬ:
ಇಷ್ಟೆಲ್ಲ ಯಾಕೆ? ಬಾತ್‌ರೂಮ್ ಆಸಿಡ್ ಸುರಿದರೆ ಆಯ್ತಲ್ಲ?

ಪಣಂಬೂರು ಇಂಜಿನಿಯರ್:
ನೀರೇ ಹೋಗದ ಕಡೆ ಆಸಿಡ್ ಎಲ್ಲಿಗೆ ಹೋಗ್ಬೇಕು? ಒಳಗೆ ಬ್ಲೀಚ್ ಉಳಿದಿದ್ರೆ ಕ್ಲೋರಿನ್ ಗ್ಯಾಸ್ ಬೇರೆ ಏಳ್ತದೆ. ಆ ಗೂಡಿನಂಥ ಕ್ಯಾಬಿನ್ನಲ್ಲಿ ಬೇಡವೇ ಬೇಡ.

ಸಿಯಾಟಲ್ ದೋಣಿ:
ಶನಿವಾರ ಮುಗಿಸಿದೆ ಸರ್. ಕತ್ತರಿಸಿ ನೋಡಿದರೆ 38 ಮಿಮೀ ಹೋಸಿನೊಳಗೆ ಪೆನ್ಸಿಲ್ ತೂರೋಷ್ಟು ಸಂದಿ! ಹೋಸ್ ಜೋತುಬಿದ್ದಿದ್ದ ಕಡೆಯೇ ಜಾಸ್ತಿ. ಅಲ್ಲಿಗೆ ಮರದ ತುಂಡು ಆಸರೆ ಕೊಟ್ಟು ಟ್ಯಾಂಕಿನ ಕಡೆಗೆ ಇಳಿಜಾರು ಮಾಡಿದೆ. ಈಗ ಒಂದೇ ಕೈ ಸಾಕು. ಆದರೆ ಫ್ಲಶ್ ಎಷ್ಟು ಸಲ ಮಾಡಬೇಕು? ನಾವು ಐದಾರು ಸಲ ಒತ್ತಿ ಎದ್ದುಬರ್ತಿದ್ವಿ.

ಪಣಂಬೂರು ಇಂಜಿನಿಯರ್:
ಅದೇ ಮೂಲ. ಆ ಅಳತೆಯ ಹೋಸಲ್ಲಿ ಮೀಟರಿಗೆ 1.1 ಲೀಟರ್ ಚಿಲ್ಲರೆ ನೀರು ನಿಲ್ತದೆ. ನಿಮ್ಮದು 3 ಮೀಟರ್, ಅಂದ್ರೆ ಸುಮಾರು ಮೂರೂವರೆ ಲೀಟರ್ ತಳ್ಳುವ ತನಕ ಬೌಲಿನದು ಟ್ಯಾಂಕ್ ಮುಟ್ಟೋದಿಲ್ಲ. ಮೂತ್ರಕ್ಕೂ ಅಷ್ಟೇ ಒತ್ತಿ. ನಿಮ್ಮ ಸಿಯಾಟಲ್ ಕಡಲು ಪ್ಯೂಜೆಟ್ ಸೌಂಡಲ್ಲಿ 2018ರಿಂದ ಗಲೀಜು ಹೊರಗೆ ಬಿಡುವ ಹಾಗೂ ಇಲ್ಲವಲ್ಲ, ಟ್ಯಾಂಕ್ ಬೇಗ ತುಂಬ್ತದೆ, ಪಂಪ್‌ಔಟಿಗೆ ಸ್ವಲ್ಪ ಹೆಚ್ಚು ಓಡಾಟ ಆದೀತು. ದೋಣಿ ಕಟ್ಟಿ ಮನೆಗೆ ಹೊರಡುವಾಗ ಬೌಲಿಗೆ ಬಿಳಿ ವಿನೆಗರ್ ಹಾಕಿ, ಹೋಸಿನೊಳಗೆ ನಿಲ್ಲುವಷ್ಟೇ ಒತ್ತಿ ಬಿಟ್ಟುಬಿಡಿ.