ಜೂನ್‌ನಲ್ಲಿ ಸ್ವೀಟ್ ವಿಲಿಯಂ ಬಿತ್ತಬೇಡಿ

ಬಾಗಲಕೋಟೆ ಕಾಕಾ: (ಫಾರ್ವರ್ಡ್) ಸ್ವೀಟ್ ವಿಲಿಯಂ ಬೀಜ ಬಿತ್ತಲು ಮೇ-ಜೂನ್ ಸರಿಯಾದ ಕಾಲ. ಈಗ ಬಿತ್ತಿ, ಮುಂದಿನ ವರ್ಷ ತೋಟದ ತುಂಬ ಹೂವು ನೋಡಿ. ಒಮ್ಮೆ ಬಿತ್ತಿದರೆ ಸಾಕು, ಮತ್ತೆ ಬೀಜ ಕೊಳ್ಳುವುದೇ ಬೇಡ. ಗಿಡ ಬೆಳೆಸುವ ಎಲ್ಲರಿಗೂ ಕಳಿಸಿ.

ವಿಜಯಪುರ ಅಕ್ಕ: ಕಾಕಾ, ಒಳ್ಳೆ ಹೊತ್ತಿಗೆ ಕಳಿಸಿದಿರಿ. ಮೊನ್ನೆ ಬೆಳಗಾವಿಗೆ ಹೋದಾಗ ಇದರದೇ ಪಾಕೀಟು ತಂದಿದ್ದೆ. ನಿನ್ನೆ ಮಳೆನೂ ಆಗಿದೆ. ನಾಳೆನೇ ಹಾಕಿಬಿಡ್ತೀನಿ.

ನಾನು: ಅಕ್ಕಾ, ತಡಿ. ಪಾಕೀಟು ಒಡೆಯಬೇಡ. ಇದು ಇಂಗ್ಲೆಂಡ್ ಕಡೆ ತೋಟ ಮಾಡುವವರಿಗೆ ಹೇಳುವ ಮಾತು. ಅಲ್ಲಿ ಮೇ-ಜೂನ್ ಅಂದ್ರೆ ಹಿತವಾದ ಬಿಸಿಲು. ಸಸಿ ಆಗ ಬಲಿತು, ಚಳಿಗಾಲ ಪೂರ್ತಿ ನೆಲಕ್ಕೆ ಅಂಟಿಕೊಂಡು ಕೂತು, ಮುಂದಿನ ಬೇಸಿಗೆಗೆ ಹೂ ಬಿಡುತ್ತೆ. ನಮ್ಮಲ್ಲಿ ಜೂನ್ ಅಂದ್ರೆ ಮುಂಗಾರು. ಬೀಜ ಮೊಳೆಯುತ್ತೆ, ಇಲ್ಲ ಅನ್ನಲ್ಲ. ಆಮೇಲೆ ಮಣ್ಣಿಗೆ ತಾಗುವ ಕಡೆ ಕಾಂಡ ನೂಲಿನ ಹಾಗೆ ಸಣ್ಣಗಾಗಿ ಒಂದೊಂದೇ ಸಸಿ ಮಲಗುತ್ತೆ. ಮೇಲೆ ಎಲೆ ಇನ್ನೂ ಹಸಿರಾಗೇ ಇರುತ್ತೆ, ಬುಡ ಆಗಲೇ ಕೊಳೆತಿರುತ್ತೆ.

ಬಾಗಲಕೋಟೆ ಕಾಕಾ: ನಿಮ್ಮ ಬೆಳಗಾವಿ ಮಳೆ ನಮ್ಮ ಕಡೆ ಎಲ್ಲಿದೆಯಪ್ಪಾ? ನಮಗೂ ವಿಜಯಪುರಕ್ಕೂ ಬೀಳೋದೇ ಅದರ ಅರ್ಧ. ಇಷ್ಟು ವರ್ಷ ಹೊಲ ಮಾಡಿದವನು ನಾನು. ಒಂದು ಹೂವಿನ ಬೀಜ ಹಾಕೋಕೆ ಇಷ್ಟು ಪಂಚಾಯ್ತಿ ಬೇಕಾ? ಎರೆ ಮಣ್ಣಲ್ಲಿ ಏನು ಹಾಕಿದರೂ ಬರುತ್ತೆ.

ನಾನು: ಮಳೆ ಕಡಿಮೆ, ಅದು ಖರೆ ಕಾಕಾ. ಆದರೆ ಎರೆ ಮಣ್ಣು ಒಮ್ಮೆ ನೀರು ಹಿಡಿದರೆ ಬಿಡುತ್ತಾ, ನೀವೇ ಹೇಳಿ. ಮಳೆ ನಿಂತ ಮೇಲೂ ಹಸಿ ಉಳಿಯುತ್ತೆ ಅಂತಾನೇ ಅಲ್ವಾ ಅದರಲ್ಲಿ ಹಿಂಗಾರಿ ಜೋಳ, ಕಡಲೆ ಬರೋದು. ಈ ಗಿಡಕ್ಕೆ ಆಗದೇ ಇರೋದು ಅದೇ ಗುಣ. ಇದರ ಮೂಲ ದಕ್ಷಿಣ ಯುರೋಪಿನ ಗುಡ್ಡಗಾಡು. ನೀರು ಹಾಕಿದ ತಕ್ಷಣ ಕೆಳಗೆ ಇಳಿದು ಹೋಗಬೇಕು, ಬುಡದಲ್ಲಿ ನಿಲ್ಲಬಾರದು. ಅಕ್ಕ ಕುಂಡದಲ್ಲೇ ಬೆಳೆಸಲಿ. ಎರೆ ಮಣ್ಣು ಬಿಟ್ಟು ಕೆಂಪು ಮಣ್ಣು, ಉಸುಕು, ಪೂರ್ತಿ ಕಳಿತ ತಿಪ್ಪೆಗೊಬ್ಬರ ಕಲಸಿ ತುಂಬಲಿ.

ಗೋಕಾಕ ವೈನಿ: ಜೂನ್ ಬೇಡ ಅಂದರೆ ಮತ್ತೆ ಯಾವಾಗ?

ನಾನು: ವೈನಿ, ಮಹಾನವಮಿ ಹೊತ್ತಿಗೆ. ಸೆಪ್ಟೆಂಬರ್ ಕೊನೆ ಇಲ್ಲ ಅಕ್ಟೋಬರ್, ಹೊಲದಲ್ಲಿ ಹಿಂಗಾರಿ ಬಿತ್ತನೆ ನಡೆಯೋ ದಿನಗಳು. ಮಳೆ ಸರಿದಿರುತ್ತೆ, ರಾತ್ರಿ ತಂಪು ಶುರುವಾಗಿರುತ್ತೆ. ಈ ಬೀಜಕ್ಕೆ 20 ಡಿಗ್ರಿ ಆಸುಪಾಸು ಚೆನ್ನ, 7ರಿಂದ 14 ದಿನದಲ್ಲಿ ಮೊಳಕೆ ಕಾಣುತ್ತೆ. ಸಂಕ್ರಾಂತಿ ದಾಟಿದ ಮೇಲೆ ಹೂವು ನೋಡಬಹುದು. ಆದರೆ ತಳಿ ಸರಿ ಇದ್ದರೆ ಮಾತ್ರ. ಇದನ್ನು ಆ ಫಾರ್ವರ್ಡ್ ಹೇಳೋದೇ ಇಲ್ಲ, ನನಗೆ ಸಿಟ್ಟು ಬಂದಿರೋದೂ ಅದಕ್ಕೇ.

ವಿಜಯಪುರ ಅಕ್ಕ: ತಳಿ ಅಂದ್ರೆ? ಪಾಕೀಟಿನ ಮೇಲೆ ಸುಮ್ನೆ ಸ್ವೀಟ್ ವಿಲಿಯಂ ಮಿಕ್ಸ್ ಅಂತ ಇದೆ.

ನಾನು: ನೋಡು, ಹಳೆ ತಳಿಗಳು ಎರಡು ವರ್ಷದ ಗಿಡ. ಮೊದಲ ವರ್ಷ ಬರೀ ಎಲೆ. ಆಮೇಲೆ ವಾರಗಟ್ಟಲೆ ಗಟ್ಟಿ ಚಳಿ ತಿಂದರೆ ಮಾತ್ರ ಎರಡನೇ ವರ್ಷ ಮೊಗ್ಗು ಕಟ್ಟುತ್ತೆ. ಆ ಚಳಿ ನಮ್ಮಲ್ಲಿ ಎಲ್ಲಿ ಬರಬೇಕು? ಬೆಳಗಾವಿಯಲ್ಲೇ ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ 13-14 ಡಿಗ್ರಿ. ಅದಾದ ಮೇಲೆ ನಿಮ್ಮ ಕಡೆ 40 ಡಿಗ್ರಿ ಬೇಸಿಗೆ. ಗಿಡ ಎರಡನೇ ವರ್ಷ ಕಾಣೋದೇ ಕಷ್ಟ. ಅದಕ್ಕೇ ಚಳಿ ಇಲ್ಲದೇ ಮೊದಲ ವರ್ಷವೇ ಹೂ ಬಿಡುವ ತಳಿ ಬೇಕು. ವೀ ವಿಲ್ಲಿ ಅಂತ ಗಿಡ್ಡ ತಳಿ ಇದೆ, ಅಮೆಜಾನ್ ಅಂತ ಎತ್ತರದ್ದಿದೆ. ಪಾಕೀಟಿನ ಹಿಂದೆ ‘ವಾರ್ಷಿಕ’ ಇಲ್ಲ ‘ಮೊದಲ ವರ್ಷವೇ ಹೂ’ ಅನ್ನೋ ಅರ್ಥದ ಮಾತು ಇದೆಯಾ ನೋಡು. ದ್ವೈವಾರ್ಷಿಕ ಅಂತಿದ್ದರೆ ಅಂಗಡಿಯಲ್ಲಿ ಬದಲಿಸಿಕೊಳ್ಳೋದೇ ಒಳ್ಳೇದು.

ಬಾಗಲಕೋಟೆ ಕಾಕಾ: ನರ್ಸರಿಯಲ್ಲಿ ಡೈಯಾಂಥಸ್ ಅಂತ ಚಳಿಗಾಲದಲ್ಲಿ ರಾಶಿ ರಾಶಿ ಮಾರುತ್ತಾರಲ್ಲ, ಅದೂ ಇದೇ. ಅದಕ್ಕೇನು ಹಿಮ ಬಿದ್ದಿತ್ತಾ?

ನಾನು: ಡೈಯಾಂಥಸ್ ಅನ್ನೋದು ಇಡೀ ಕುಲದ ಹೆಸರು ಕಾಕಾ. ಅಲ್ಲಿ ಮಾರೋದರಲ್ಲಿ ಬಹಳಷ್ಟು ಚೈನಾ ಪಿಂಕ್, ಅದೇ ಕುಲದ ಇನ್ನೊಂದು ಹೂವು, ಇಲ್ಲವೇ ಚೈನಾ ಪಿಂಕ್ ಮತ್ತು ಸ್ವೀಟ್ ವಿಲಿಯಂ ಎರಡೂ ಕೂಡಿಸಿದ ಮಿಶ್ರತಳಿ. ಐಡಿಯಲ್, ಟೆಲ್‌ಸ್ಟಾರ್ ಅಂತ ಬರುತ್ತವಲ್ಲ, ಅವು ಈ ಥರದವು. ಅವಕ್ಕೆ ಚಳಿಯ ಹಂಗಿಲ್ಲ. ಅಸಲಿ ಸ್ವೀಟ್ ವಿಲಿಯಂ ಹೂವು ಗುಂಪಾಗಿ ಬರುತ್ತೆ. ಒಂದು ಕಡ್ಡಿಯ ತುದಿಯಲ್ಲಿ ಚಪ್ಪಟೆಯಾಗಿ ಹತ್ತಾರು ಪುಟ್ಟ ಹೂವು, ಒಂದೊಂದಕ್ಕೂ ಐದು ಎಸಳು, ಎಸಳಿನ ಅಂಚು ಗರಗಸದ ಹಾಗೆ, ನಡುವೆ ಬಿಳಿ ಇಲ್ಲವೇ ಕಡುಗೆಂಪು ಬಳೆ. ಹೂವಿನ ಕೆಳಗೆ ಗಡ್ಡದಂಥ ಹಸಿರು ಎಳೆ ಇರುತ್ತೆ.

ಸಣ್ಣ ಕಾಕಾ: ಇಷ್ಟು ತ್ರಾಸು ಯಾಕೆ? ಚೆಂಡು ಹೂ, ಸೇವಂತಿಗೆ ಹಾಕಿ. ದೇವರಿಗೂ ಆಗುತ್ತೆ, ದಸರಾ ದೀಪಾವಳಿಗೆ ನಾಲ್ಕು ದುಡ್ಡೂ ಆಗುತ್ತೆ.

ವಿಜಯಪುರ ಅಕ್ಕ: ಅವೂ ಇವೆ ಕಾಕಾ. ನನಗೆ ಈ ಹೂವೂ ಬೇಕು. ಕಡ್ಡಿ ಸಮೇತ ಕೊಯ್ದು ನೀರಲ್ಲಿಟ್ಟರೆ ವಾರದ ತನಕ ಬಾಡಲ್ಲ ಅಂತಾರೆ.

ನಾನು: ಅದು ನಿಜ, ಹೂದಾನಿಗೆ ಒಳ್ಳೆ ಹೂವು. ಲವಂಗದಂಥ ಸಣ್ಣ ಪರಿಮಳನೂ ಇರುತ್ತೆ.

ಗೋಕಾಕ ವೈನಿ: ‘ಮತ್ತೆ ಬೀಜ ಕೊಳ್ಳುವುದೇ ಬೇಡ’ ಅಂದಿದೆಯಲ್ಲ, ಅದಾದರೂ ಖರೆನಾ?

ನಾನು: ಅರ್ಧ ಖರೆ. ತಂಪು ದೇಶದಲ್ಲಿ ಬೀಜ ತಾನಾಗೇ ಉದುರಿ ಹುಟ್ಟುತ್ತೆ. ನಮ್ಮಲ್ಲಿ ಹೂವು ಒಣಗಿದ ಮೇಲೆ ಬೀಜ ಆರಿಸಿ ಇಟ್ಟುಕೊಳ್ಳಬಹುದು, ಕರಿ ಬಣ್ಣದ ಚಪ್ಪಟೆ ಸಣ್ಣ ಬೀಜ. ಆದರೆ ಜೇನು, ಚಿಟ್ಟೆ ಬಂದು ಬೆರಕೆ ಮಾಡಿರುತ್ತವೆ, ಅದೇ ಬಣ್ಣ ಬರುತ್ತೆ ಅಂತ ಹೇಳೋಕಾಗಲ್ಲ. ಮಿಶ್ರತಳಿಯ ಬೀಜವನ್ನಂತೂ ನಂಬಬೇಡಿ. ಲಂಡನ್ನಿನ ಥಾಮಸ್ ಫೇರ್‌ಚೈಲ್ಡ್ ಅನ್ನೋ ನರ್ಸರಿಯವರು 1717ರಲ್ಲಿ ಸ್ವೀಟ್ ವಿಲಿಯಂ ಪರಾಗವನ್ನು ಕಾರ್ನೇಷನ್ ಹೂವಿಗೆ ಸೋಕಿಸಿ ಹೊಸ ಗಿಡ ಮಾಡಿದರು. ಮನುಷ್ಯ ಬೇಕಂತಲೇ ಮಾಡಿದ ಮೊದಲ ಮಿಶ್ರತಳಿ ಅದೇ ಅಂತ ಹೇಳುತ್ತಾರೆ. ಅದು ಬೀಜವನ್ನೇ ಕಟ್ಟಲಿಲ್ಲ, ಅದಕ್ಕೇ ಜನ ಅದನ್ನು ಹೇಸರಗತ್ತೆಗೆ ಹೋಲಿಸಿದರು.

ಬಾಗಲಕೋಟೆ ಕಾಕಾ: ಇರಲಿ. ನಾನೂ ಬೀಜ ತರಿಸಿದ್ದೀನಿ. ಅರ್ಧ ಈಗಲೇ ಹಾಕ್ತೀನಿ, ಅರ್ಧ ನೀನು ಹೇಳಿದಾಗ ಹಾಕ್ತೀನಿ. ಗೊತ್ತಾಗಲಿ.

ನಾನು: ಹಾಕಿ ಕಾಕಾ. ಈಗಿನದನ್ನು ಮಳೆ ನೇರ ಬೀಳದ ಕಡೆ, ತಗಡಿನ ಕೆಳಗಿಡಿ. ಬೀಜದ ಮೇಲೆ ಕಾಲು ಇಂಚಿಗಿಂತ ಜಾಸ್ತಿ ಮಣ್ಣು ಬೇಡ. ಉಳಿದ ಬೀಜ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ, ಅಕ್ಟೋಬರ್ ತನಕ ಏನೂ ಆಗಲ್ಲ.

ವಿಜಯಪುರ ಅಕ್ಕ: ನಂದೂ ಫ್ರಿಜ್‌ಗೆ ಹೋಯ್ತು. ಪಾಕೀಟಿನ ಹಿಂಬದಿ ಫೋಟೋ ಕಳಿಸ್ತೀನಿ, ಅಕ್ಷರ ಬಹಳ ಸಣ್ಣ ಇವೆ, ವಾರ್ಷಿಕನೋ ಏನೋ ನೀನೇ ಓದಿ ಹೇಳು.